ಗುರುವಾರದ ಕೈ

ನಮ್ಮಕ್ಕ ಗುರುವಾರ ಹಾಲು ಮುಟ್ಟುತ್ತಿರಲಿಲ್ಲ. ಉಗಾರ ಬುದ್ರುಕದ ನಮ್ಮ ಓಣಿಯ ಜೈನರ ಮನೆಗಳಲ್ಲಿ ಇದೇನೂ ದೊಡ್ಡ ಸಂಗತಿಯಲ್ಲ. ನೇಮಸ್ಥ ಹೆಂಗಸರು ದಿನಕ್ಕೊಂದು ರಸ ಬಿಡುತ್ತಾರೆ. ರವಿವಾರ ಉಪ್ಪು, ಮಂಗಳವಾರ ಸಿಹಿ, ಬುಧವಾರ ತುಪ್ಪ, ಗುರುವಾರ ಹಾಲು, ಶನಿವಾರ ಎಣ್ಣೆ. ಹೊತ್ತು ಮುಳುಗಿದ ಮೇಲೆ ನೀರು ಕೂಡ ಇಲ್ಲ. ನಾನು ಇದರಲ್ಲಿ ಒಂದನ್ನೂ ಪಾಲಿಸಿದವನಲ್ಲ. ರಾಯಬಾಗದಲ್ಲಿ ಗಾಡಿ ತಡವಾದ ಸಂಜೆಗಳಲ್ಲಿ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಮಿರ್ಚಿ ಭಜಿ ತಿಂದು, ಬಾಯಿ ಒರೆಸಿಕೊಂಡು ಮನೆಗೆ ಬರುತ್ತಿದ್ದವನು. ಅಕ್ಕನಿಗೆ ಬಾಗಿಲಲ್ಲೇ ವಾಸನೆ ಗೊತ್ತಾಗುತ್ತಿತ್ತು.

"ದೇವರಿಗೆ ಗೊತ್ತಾಗತೈತೋ ಇಲ್ಲೋ, ನನಗಂತೂ ಗೊತ್ತಾಗತೈತಿ," ಎನ್ನುತ್ತಿದ್ದಳು. ಬೈಗುಳ ಅಲ್ಲಿಗೆ ಮುಗಿಯುತ್ತಿತ್ತು.

ಈಗ ಆ ಗುರುವಾರಗಳ ಬಗ್ಗೆ ಬರೆಯಲು ಕುಳಿತದ್ದಕ್ಕೆ ಕಾರಣವಿದೆ. ಇಪ್ಪತ್ತೈದು ವರ್ಷ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದ ನಾನು, ನನ್ನ ಮನೆಯೊಳಗೆ ವಾರಕ್ಕೊಮ್ಮೆ ಕಣ್ಣೆದುರೇ ನಡೆಯುತ್ತಿದ್ದುದನ್ನು ಹದಿನಾಲ್ಕು ತಿಂಗಳು ತಪ್ಪಾಗಿ ಓದಿದೆ.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ತೀರಿಕೊಂಡ. ತವರಿಗೆ ಬಂದಳು. ಆಮೇಲೆ ಅಪ್ಪ ಹೋದ, ಅವ್ವ ಹೋದಳು. ಉಳಿದದ್ದು ಅಕ್ಕ, ನಾನು, ಉದ್ದ ಕೊಂಬಿನ ಎರಡು ಪಂಢರಪುರಿ ಎಮ್ಮೆ. ಆ ಎಮ್ಮೆಗಳ ಹಾಲು ಮಾರಿ ಆಕೆ ನನ್ನನ್ನು ಓದಿಸಿದಳು. ಮಾರುವ ಮುಂಚೆ ಒಂದು ಹಿತ್ತಾಳೆಯ ಲೋಟ ತುಂಬ ನನಗೆ ತೆಗೆದಿಡುತ್ತಿದ್ದಳು. ಜ್ವರ ಬಂದರೂ ಹಾಲು, ಪರೀಕ್ಷೆ ಬಂದರೂ ಹಾಲು. ಹೆಣ್ಣು ಕೊಡಲು ಬಂದವರು ಎರಡು ಸಲ ಮನೆ ನೋಡಿ ಮರುಮಾತಿಲ್ಲದೆ ಹೋದಾಗಲೂ ಆಕೆ ತಂದಿಟ್ಟದ್ದು ಅದೇ ಲೋಟ. "ಕುಡಿ, ತಂಪಾಗತೈತಿ," ಎಂದಳು. ತಂಪೇನೂ ಆಗಲಿಲ್ಲ, ಆದರೆ ಕುಡಿದೆ. ಮೂರನೆಯ ಸಲ ಯಾರೂ ಬರಲಿಲ್ಲ. ನಾವಿಬ್ಬರೇ ಉಳಿದೆವು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಆಕೆಯ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಒಂದಕ್ಕೊಂದು ಉಜ್ಜತೊಡಗಿದವು. ಸುಮ್ಮನೆ ಕುಳಿತಾಗಲೂ ಉಜ್ಜುತ್ತಿದ್ದವು, ಜಪಮಣಿ ಎಣಿಸುವ ಹಾಗೆ. ಓಣಿಯವರು ಅಕ್ಕ ಸದಾ ಜಪದಲ್ಲಿರುತ್ತಾಳೆ ಎಂದುಕೊಂಡರು. ಬಸ್ತಿಯಲ್ಲಿ ಪೂಜೆಯ ಹೊತ್ತಿಗೆ ಹೆಂಗಸರು ಆಕೆಗೆ ಮುಂದೆ ಜಾಗ ಬಿಡತೊಡಗಿದರು. ಆಕೆಯೂ ಬೇಡ ಎನ್ನಲಿಲ್ಲ. ಪುಕ್ಕಟೆ ಬಂದ ಪುಣ್ಯವನ್ನು ಯಾರು ಬಿಡುತ್ತಾರೆ? ಆದರೆ ಎಮ್ಮೆ ಮೋಸ ಹೋಗಲಿಲ್ಲ. ಹಿಂಡುವ ಕೈ ನಿಧಾನವಾದದ್ದು ಅದಕ್ಕೆ ಮೊದಲು ಗೊತ್ತಾಯಿತು. ಕಾಲು ಝಾಡಿಸತೊಡಗಿತು, ತೊರೆ ಬಿಡಲಿಲ್ಲ, ಹಾಲು ಇಳಿಯಲಿಲ್ಲ. ಒಂದು ಬೇಸಿಗೆಯಲ್ಲಿ ಎರಡೂ ಎಮ್ಮೆಗಳನ್ನು ಕೊಟ್ಟುಬಿಟ್ಟೆವು. ಒಂದು, ನಾವು ಕಾಕು ಎಂದು ಕರೆಯುತ್ತಿದ್ದ ಪಕ್ಕದ ಮನೆಯಾಕೆಯ ಕೊಟ್ಟಿಗೆಗೇ ಹೋಯಿತು. ಹಾಗಾಗಿ ಮುಂದೆಯೂ ನಮ್ಮ ಮನೆಗೆ ಬಂದದ್ದು ನಮ್ಮ ಎಮ್ಮೆಯ ಹಾಲೇ.

ಅದೇ ವರ್ಷ ಪಕ್ಕದ ಊರಿಗೆ ಚಾತುರ್ಮಾಸಕ್ಕೆ ಮುನಿಗಳು ಬಂದಿದ್ದರು. ಅವರು ದಿನಕ್ಕೊಮ್ಮೆ ನಿಂತುಕೊಂಡೇ, ಜೋಡಿಸಿದ ಅಂಗೈಯಲ್ಲಿ ಆಹಾರ ತೆಗೆದುಕೊಳ್ಳುತ್ತಾರೆ. ಅಕ್ಕ ಹೋದ ದಿನ ಅವರಲ್ಲಿ ಬಹಳ ವಯಸ್ಸಾದ ಒಬ್ಬರ ಅಂಗೈ ನಡುಗಿ ಅನ್ನ ನೆಲಕ್ಕೆ ಬಿತ್ತಂತೆ. ಅವರು ಕೈ ಇಳಿಸಿ, ಉಳಿದದ್ದನ್ನು ಹಾಗೇ ಬಿಟ್ಟು ನಡೆದರಂತೆ; ತುತ್ತು ಕೈಯಿಂದ ಬಿದ್ದರೆ ಅವತ್ತಿನ ಊಟ ಅಲ್ಲಿಗೆ ಮುಗಿಯಿತು ಎಂಬುದು ಅವರ ನೇಮ. ಮನೆಗೆ ಬಂದವಳು ಸೀರೆಯ ಸೆರಗಿನಲ್ಲಿ ಬಲಗೈ ಸುತ್ತಿಕೊಂಡು ಕಟ್ಟೆಯ ಮೇಲೆ ಕುಳಿತಳು.

"ತಮ್ಮಾ, ನಾನೂ ಒಂದ ನೇಮ ಮಾಡೇನಿ," ಎಂದಳು. "ನನ್ನ ಕೈಯಿಂದ ನನ್ನ ಬಾಯಿಗೆ ತುತ್ತ ಹೋಗೂ ತನಕ ಉಣ್ಣೂದು. ಮಂದಿ ಕೈಲೆ ಉಣ್ಣಂಗಿಲ್ಲ."

"ಯಾರ ಮುಂದ ಮಾಡಿದಿ?"

"ಬಸ್ತ್ಯಾಗ, ನನ್ನಷ್ಟಕ್ಕ ನಾನ."

ನಾನು ನಕ್ಕೆ. ಮುನಿಗಳ ಎದುರು ಮಾಡಿದ್ದಲ್ಲ, ಯಾರೂ ಕೇಳಿಲ್ಲ, ನಾಲ್ಕು ದಿನಕ್ಕೆ ಮರೆಯುತ್ತಾಳೆ ಎಂದುಕೊಂಡೆ. ನಮ್ಮಕ್ಕನನ್ನು ಬಲ್ಲ ಯಾರೂ ಹಾಗೆ ಅಂದುಕೊಳ್ಳುತ್ತಿರಲಿಲ್ಲ.

ಮಿರಜದಲ್ಲಿ ತೋರಿಸಿದೆವು. ನರಗಳ ಡಾಕ್ಟರು ಆಕೆಯನ್ನು ನಾಲ್ಕು ಹೆಜ್ಜೆ ನಡೆಸಿ, ಮೊಣಕೈ ಮಡಚಿ ಬಿಡಿಸಿ ನೋಡಿ, ಕಂಪವಾತ ಎಂದರು. ಮಿದುಳಿನಲ್ಲಿ ಡೋಪಮೈನ್ ಎಂಬ ರಸಾಯನ ಕಡಿಮೆಯಾಗಿದೆ, ಗುಳಿಗೆ ಇದೆ, ದಿನಕ್ಕೆ ಮೂರು, ಗುಣವಾಗುವುದಿಲ್ಲ ಆದರೆ ಕೈ ಆಡುತ್ತದೆ. ಇಷ್ಟೇ ಹೇಳಿದ್ದು. ಆ ಗುಳಿಗೆ ಮೊದಲ ವಾರದಲ್ಲೇ ಕೆಲಸ ಮಾಡಿತು. ಅಕ್ಕ ರೊಟ್ಟಿ ಮುರಿದಳು, ಪಲ್ಯ ಹಚ್ಚಿಕೊಂಡಳು, ತಾನೇ ಉಂಡಳು. ಹೊಟ್ಟೆ ತೊಳಸುತ್ತದೆ ಎಂಬುದೊಂದೇ ಆಕೆಯ ದೂರು.

ನಮ್ಮ ಕಡೆ ಗುಳಿಗೆ ಎಂದರೆ ಉಷ್ಣ, ಉಷ್ಣಕ್ಕೆ ಹಾಲು. ಇದನ್ನು ಯಾವ ಡಾಕ್ಟರೂ ಹೇಳಬೇಕಾಗಿಲ್ಲ, ಕೇಳಬೇಕಾಗಿಯೂ ಇಲ್ಲ. ನಾನು ಅರ್ಧ ಲೋಟ ಹಾಲಿನ ಜೊತೆ ಗುಳಿಗೆ ಕೊಡತೊಡಗಿದೆ. ಹೊಟ್ಟೆ ತೊಳಸುವುದು ನಿಂತಿತು. ನನಗೆ ಬಹಳ ಸಂತೋಷವಾಯಿತು. ಆಕೆ ನನಗೆ ಕೊಟ್ಟ ಅದೇ ಹಿತ್ತಾಳೆಯ ಲೋಟ ಅದು. ಋಣ ತೀರಿಸುತ್ತಿದ್ದೇನೆ ಎಂಬಂತೆ ಕೊಡುತ್ತಿದ್ದೆ.

ಆಮೇಲಿನ ದಿನಗಳು ನನಗೆ ಒಂದೊಂದಾಗಿ ನೆನಪಿಲ್ಲ, ಎಲ್ಲ ಕೂಡಿ ಒಂದೇ ದಣಿವಾಗಿ ನೆನಪಿದೆ. ಬೆಳಗಾಗುವ ಹೊತ್ತಿಗೆ ಆಕೆಯ ಮೈ ಹಲಗೆಯ ಹಾಗಿರುತ್ತಿತ್ತು. ಮಗ್ಗುಲು ತಿರುಗಿಸಿ, ಎಬ್ಬಿಸಿ, ಮುಖ ತೊಳೆಸಿ ಕೂಡಿಸುತ್ತಿದ್ದೆ. ಹೊತ್ತು ಹುಟ್ಟಿ ಸ್ವಲ್ಪ ಮೇಲೇರುವ ತನಕ ಆಕೆ ನೀರೂ ಕುಡಿಯುವವಳಲ್ಲ. ನಾನು ಅಂಗಳದಲ್ಲಿ ಬಿಸಿಲು ನೋಡುತ್ತ ನಿಲ್ಲುತ್ತಿದ್ದೆ. ಆಮೇಲೆ ಗುಳಿಗೆ, ಹಾಲು. ಉಗಾರ ಖುರ್ದದ ಸ್ಟೇಷನ್ನಿಗೆ ಸೈಕಲ್. ಮೀಟರ್ ಗೇಜಿನ ಗಾಡಿ ಕೃಷ್ಣೆಯ ಸೇತುವೆಯ ಮೇಲೆ ನಡೆದಂತೆ ಹೋಗುತ್ತಿತ್ತು. ಕುಡಚಿ ದಾಟಿ, ನನ್ನ ಕಾಲೇಜು ಇದ್ದ ರಾಯಬಾಗ ಬರುವಷ್ಟರಲ್ಲಿ ನಾನು ಕುಳಿತಲ್ಲೇ ಒಂದು ನಿದ್ದೆ ಮುಗಿಸಿರುತ್ತಿದ್ದೆ. ಮಧ್ಯಾಹ್ನದ ಗುಳಿಗೆಯನ್ನು ಕಾಕು ಕೊಡುತ್ತಿದ್ದಳು, ಹಾಲಿನ ಜೊತೆಗೇ, ನಾನೇ ಹೇಳಿದ್ದೆ. ಸಂಜೆ ಹೊತ್ತು ಮುಳುಗುವ ಮುಂಚೆ ಮೂರನೆಯದು.

ಕೆಲವು ತಿಂಗಳಲ್ಲಿ ಗುಳಿಗೆಯ ಬಲ ಕುಗ್ಗಿತು. ತುತ್ತು ಎದೆಯ ತನಕ ಏರಿ ಅಲ್ಲೇ ನಿಲ್ಲುತ್ತಿತ್ತು. ಬಾಯಿಗೆ ಬರುವ ಮೊದಲೇ ಬೆರಳು ಸಡಿಲಾಗಿ ಮಡಿಲಲ್ಲಿ ಬೀಳುತ್ತಿತ್ತು. ಕಾಕು ಒಂದು ದಿನ ಮರುಗಿ ತುತ್ತು ಮಾಡಿ ಆಕೆಯ ಬಾಯಿಯ ಹತ್ತಿರ ಹಿಡಿದಳು. ಅಕ್ಕ ಬಾಯಿ ಮುಚ್ಚಿಕೊಂಡಳು. ತಾಟು ದೂಡಲೂ ಕೈಗೆ ಬಲವಿರಲಿಲ್ಲ. ಮುಖ ತಿರುಗಿಸಿ ಗೋಡೆ ನೋಡಿದಳು.

ಸಂಜೆ ನಾನು ಬಂದಾಗ ಕಾಕು ಬಾಗಿಲಲ್ಲೇ ನಿಂತಿದ್ದಳು. "ಮಾಸ್ತರ, ಅಕ್ಕ ಉಂಡಿಲ್ರಿ. ನೇಮ ಅಂತಾಳ. ಹಿಂಗಾದ್ರ ಹೆಂಗ್ರಿ?"

ನಾನು ಅಕ್ಕನ ಮುಂದೆ ಕುಳಿತು ಸಿಟ್ಟು ಮಾಡಿದೆ. ಬೇಡಿಕೊಂಡೆ. ಶಾಸ್ತ್ರದಲ್ಲಿ ರೋಗಿಗಳಿಗೆ ವಿನಾಯಿತಿ ಇದೆ ಎಂದು ಸುಳ್ಳೋ ನಿಜವೋ ಗೊತ್ತಿಲ್ಲದೆ ಹೇಳಿದೆ.

"ನೀ ಯಾವಾಗ ಶಾಸ್ತ್ರ ಓದಿದಿ?" ಎಂದಳು. ಮಾತು ಆಗಲೇ ಸಣ್ಣದಾಗಿ, ಏರಿಳಿತವಿಲ್ಲದೆ ಬರುತ್ತಿತ್ತು. "ಹಾಲ ಕೊಡು. ಅದು ಗುಳಿಗಿ ಜೋಡಿ, ಔಷಧ. ಅದಕ್ಕ ನೀ ಕುಡಿಸಿದ್ರೂ ನಡೀತೈತಿ."

ಹೀಗಾಗಿ ಊಟ ಕಡಿಮೆಯಾದಷ್ಟೂ ನಾನು ಹಾಲು ಹೆಚ್ಚಿಸಿದೆ. ಅರ್ಧ ಲೋಟ ಒಂದು ಲೋಟವಾಯಿತು, ಅದರಲ್ಲಿ ಬಾದಾಮಿ ಅರೆದು ಹಾಕಿದೆ. ಹಾಲು ಹೆಚ್ಚಿಸಿದಷ್ಟೂ ಕೈ ಕಟ್ಟಿತು. ಕೈ ಕಟ್ಟಿದಷ್ಟೂ ಊಟ ತಪ್ಪಿತು. ಲೆಕ್ಕ ಇಷ್ಟು ಸರಳವಾಗಿತ್ತು. ನನಗೆ ಕಾಣಲಿಲ್ಲ. ಕಾಣುತ್ತಿದ್ದುದು ಒಂದೇ: ಅಕ್ಕ ಹೀಗೇ ಸ್ವಲ್ಪ ಸ್ವಲ್ಪವಾಗಿ ಊಟ ಬಿಟ್ಟು ಹೋಗಿಬಿಡುತ್ತಾಳೆ, ನಾನು ನೋಡುತ್ತ ಇರುತ್ತೇನೆ.

ಗುರುವಾರ ಮಾತ್ರ ಉಣ್ಣುತ್ತಿದ್ದಳು. ಗುರುವಾರ ಗುಳಿಗೆಯನ್ನು ತೆಳ್ಳಗಿನ ಜೋಳದ ಗಂಜಿಯಲ್ಲಿ ಕೊಡುತ್ತಿದ್ದೆವು. ಮುಕ್ಕಾಲು ತಾಸಿಗೆ ಭುಜ ಸಡಿಲಾಗುತ್ತಿತ್ತು, ಬೆರಳು ಬಿಚ್ಚುತ್ತಿದ್ದವು. ಒಂದು ರೊಟ್ಟಿ ಪೂರ್ತಿ ತಿನ್ನುತ್ತಿದ್ದಳು.

ಆ ವರ್ಷ ನನ್ನ ಟೈಮ್‌ಟೇಬಲ್ಲಿನಲ್ಲಿ ಗುರುವಾರ ಎರಡೇ ಪಿರಿಯಡ್. ಮಧ್ಯಾಹ್ನಕ್ಕೇ ಮನೆ ಸೇರುತ್ತಿದ್ದೆ. ಅಂಗಳದ ಬೇವಿನ ನೆರಳಿನಲ್ಲಿ ಖುರ್ಚಿ ಹಾಕಿ, ಆಕೆಗೆ ಪೇಪರ್ ಓದಿ ಹೇಳುತ್ತಿದ್ದೆ. ತಾನೇ ಉಣ್ಣುವುದನ್ನು ನೋಡುತ್ತ, ನಾನು ಹತ್ತಿರವಿದ್ದರೆ ಅಕ್ಕನಿಗೆ ಜೀವ ಬರುತ್ತದೆ ಎಂದು ತಿಳಿದುಕೊಂಡೆ. ಇದನ್ನು ಕಾಲೇಜಿನ ಸ್ಟಾಫ್ ರೂಮಿನಲ್ಲೂ ಹೇಳಿದೆ. ಪ್ರೀತಿಯೇ ದೊಡ್ಡ ಔಷಧ ಎಂದು ಒಬ್ಬರು ಹೇಳಿದರು, ನಾನು ತಲೆಯಾಡಿಸಿದೆ. ಅಕ್ಕನ ಅಭಿಪ್ರಾಯ ಬೇರೆ ಇತ್ತು. "ಬಿಟ್ಟಾಗ ಮೈ ಹಗುರಾಗತೈತಿ. ನೇಮದ ಫಲ," ಎನ್ನುತ್ತಿದ್ದಳು. ನಾನು ವಿಜ್ಞಾನದವನು, ಒಳಗೇ ನಕ್ಕೆ.

ಜೂನಿನಲ್ಲಿ ಹೊಸ ಟೈಮ್‌ಟೇಬಲ್ ಬಂತು. ಗುರುವಾರ ಇಡೀ ದಿನ ಪಿರಿಯಡ್, ಪ್ರಾಕ್ಟಿಕಲ್ ಬೇರೆ. ಇನ್ನು ಆ ಒಂದು ದಿನವೂ ಆಕೆ ಉಣ್ಣುವುದಿಲ್ಲ ಎಂದುಕೊಂಡೆ. ಸಂಜೆ ಬಂದರೆ ಕಾಕು ಎಂದಳು, "ಇವತ್ತ ಅಕ್ಕ ತಾನ ಉಂಡಳ್ರಿ. ನೀವು ಇರಲಿಲ್ಲಂದ್ರೂ ಭಾಳ ಚಲೋ ಇದ್ದಳು."

ಸಂತೋಷವಾಗಬೇಕಿತ್ತು. ನಿಜ ಹೇಳುತ್ತೇನೆ, ನನಗೆ ಸ್ವಲ್ಪ ಬೇಸರವೇ ಆಯಿತು. ಆ ಬೇಸರದ ಭರದಲ್ಲಿ, ಹಾಗಾದರೆ ಕಾರಣ ಏನು ಎಂದು ಕೇಳಿಕೊಳ್ಳುವುದನ್ನೇ ಮರೆತೆ.

ಇದೇ ತಿಂಗಳುಗಳಲ್ಲಿ ನಾನು ತರಗತಿಯಲ್ಲಿ ನರಮಂಡಲದ ಪಾಠ ಮಾಡುತ್ತಿದ್ದೆ. ಕರಿಹಲಗೆಯ ಮೇಲೆ ರಕ್ತನಾಳದ ಚಿತ್ರ ತೆಗೆದು ಪ್ರತಿವರ್ಷ ಹೇಳುವುದನ್ನೇ ಹೇಳಿದೆ. ಮೈಯ ಬೇರೆ ಕಡೆ ಸಣ್ಣ ರಕ್ತನಾಳದ ಗೋಡೆಯಲ್ಲಿ ಸಂದುಗಳಿರುತ್ತವೆ, ಬೇಕಾದದ್ದು ಬೇಡವಾದದ್ದು ಸೋರುತ್ತದೆ. ಮಿದುಳಿನಲ್ಲಿ ಹಾಗಲ್ಲ. ಅಲ್ಲಿ ಗೋಡೆಯ ಕೋಶಗಳು ಒಂದಕ್ಕೊಂದು ಹೊಲಿದುಕೊಂಡಿರುತ್ತವೆ. ರಕ್ತದಲ್ಲಿ ಇರುವುದೆಲ್ಲ ಮಿದುಳಿಗೆ ಹೋಗಲಾರದು. ಹುಟ್ಟುವಾಗ ಕಟ್ಟಿದ ಈ ಗೋಡೆ ಸಾಯುವ ತನಕ ಇರುತ್ತದೆ. ಮಕ್ಕಳು ಬರೆದುಕೊಂಡರು. ನಾನು ಕೈಯ ಸುಣ್ಣದ ಪುಡಿ ತೊಳೆದುಕೊಂಡು, ಗಾಡಿ ಹಿಡಿದು ಮನೆಗೆ ಬಂದು, ಅಕ್ಕನಿಗೆ ಗುಳಿಗೆಯ ಜೊತೆ ಲೋಟ ತುಂಬ ಹಾಲು ಕೊಟ್ಟೆ.

ಚಳಿಗಾಲದ ಹೊತ್ತಿಗೆ ಆಕೆ ತೂಕ ಕಳೆದುಕೊಂಡು, ಎತ್ತಿದರೆ ಒಣ ಜೋಳದ ಕಣಿಕೆಯ ಕಟ್ಟಿನಷ್ಟು ಹಗುರಾಗಿದ್ದಳು. ಅಲ್ಲಿಯ ತನಕ ಹಳೆಯ ಚೀಟಿ ತೋರಿಸಿ ಗುಳಿಗೆ ತರುತ್ತಿದ್ದವನು, ಆಕೆಯನ್ನು ಗಾಡಿಗೆ ಹತ್ತಿಸಿಕೊಂಡು ಮತ್ತೆ ಮಿರಜಕ್ಕೆ ಹೋದೆ. ಡಾಕ್ಟರಿಗೆ ಗುಳಿಗೆ ಹೆಚ್ಚಿಸಿರಿ ಎಂದೆ. ನೇಮದ ಸಂಗತಿ ಹೇಳಿದೆ. ಅವರು ಮರಾಠಿಯವರು, ಕನ್ನಡ ತಿಳಿಯುತ್ತಿತ್ತು. ಬರೆಯುತ್ತ ಬರೆಯುತ್ತ ಕೇಳಿದರು, ಒಂದಾದರೂ ಒಳ್ಳೆಯ ದಿನ ಇರುತ್ತದೆಯೇ?

"ಗುರುವಾರ ಇರತೈತ್ರಿ," ಎಂದೆ.

"ಗುರುವಾರೀ ಕಾಯ್ ಹೋತಂ?" ಗುರುವಾರ ಏನಾಗುತ್ತದೆ?

ನಾನು ಬೇಗ ಮನೆಗೆ ಬರುತ್ತಿದ್ದೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕನೇ ಸಣ್ಣ ದನಿಯಲ್ಲಿ ಹೇಳಿದಳು, "ಹಾಲ ಬಿಡ್ತೀನ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಉಳಿದ ದಿನ ಗುಳಿಗೆಯನ್ನು ಯಾವುದರಲ್ಲಿ ಕೊಡುತ್ತೀರಿ ಎಂದು ನನ್ನನ್ನು ಕೇಳಿದರು. ಹೇಳಿದೆ. ಎಷ್ಟು ಎಂದು ಕೇಳಿದರು. ಲೋಟದ ಅಳತೆಯನ್ನು ಕೈಯಿಂದ ತೋರಿಸಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಅವರು ಹೇಳಿದ್ದು ಇದು. ಡೋಪಮೈನ್ ಅನ್ನು ನೇರವಾಗಿ ಕೊಟ್ಟರೆ ಮಿದುಳಿನ ಗೋಡೆ ಒಳಗೆ ಬಿಡುವುದಿಲ್ಲ. ಅದಕ್ಕೇ ಅದರ ಹಿಂದಿನ ರೂಪವನ್ನು ಗುಳಿಗೆಯಲ್ಲಿ ಕೊಡುತ್ತಾರೆ. ಒಳಗೆ ಹೋದ ಮೇಲೆ ಅದು ಡೋಪಮೈನ್ ಆಗುತ್ತದೆ. ಆ ರೂಪ ಅಮೈನೋ ಆಮ್ಲಗಳ ಜಾತಿಯದು. ಹಾಲು, ಬೇಳೆ ಅರಗಿದಾಗ ಹೊರಬರುವವೂ ಅದೇ ಜಾತಿಯವು. ಅವೆಲ್ಲಕ್ಕೂ ಆ ಗೋಡೆಯಲ್ಲಿ ಒಂದೇ ಬಾಗಿಲು. "ನೀವು ಗಾಡಿಯಲ್ಲಿ ಬಂದಿರಲ್ಲ, ಗುರುಜಿ," ಎಂದರು. "ಒಂದೇ ಬಾಗಿಲಿನ ಡಬ್ಬಿ, ಮುಂದೆ ಸಂತೆಯ ಮಂದಿ. ನಿಮ್ಮ ಗುಳಿಗೆ ದಿನಾ ಪ್ಲಾಟ್‌ಫಾರ್ಮಿನ ಮೇಲೆಯೇ ಉಳಿಯಿತು."

ನನಗೆ ನಾಚಿಕೆಯಾಯಿತು. ಮಾಸ್ತರನ ಚಟ, ಏನಾದರೂ ಕೇಳಬೇಕಲ್ಲ. ಆ ಗೋಡೆಯನ್ನೇ ಸ್ವಲ್ಪ ಸಡಿಲ ಮಾಡಲು ಬರುವುದಿಲ್ಲವೇ ಎಂದೆ.

"ಸಡಿಲಾದರೆ ಗುಳಿಗೆಯೊಂದೇ ಹೋಗುವುದಿಲ್ಲ, ರಕ್ತದಲ್ಲಿ ಇದ್ದದ್ದೆಲ್ಲ ನುಗ್ಗುತ್ತದೆ," ಎಂದರು. "ಅದನ್ನು ಬಿಗಿಯಾಗಿ ಇಡುವುದೇ ಮೈಗೆ ದೊಡ್ಡ ಕೆಲಸ. ಗೋಡೆ ಯಾರು ಕಟ್ಟಿದರು ಅಂತ ನಿಮ್ಮ ಪುಸ್ತಕದಲ್ಲಿ ಇದೆಯೇ?" ಇಲ್ಲ ಎಂದೆ. ಅವರು ಕಪಾಟಿನಿಂದ ಯಾವುದೋ ಲೇಖನದ ಝೆರಾಕ್ಸ್ ತೆಗೆದು ಕೊಟ್ಟರು. ಚೀಟಿಯಲ್ಲಿ ಗುಳಿಗೆ ಹೆಚ್ಚಿಸಲಿಲ್ಲ. ಹಗಲೆಲ್ಲ ಗುಳಿಗೆ ಬರೀ ನೀರು ಅಥವಾ ಗಂಜಿಯಲ್ಲಿ, ಊಟಕ್ಕಿಂತ ಮುಂಚೆ. ಹಾಲು, ಬೇಳೆ ಏನಿದ್ದರೂ ದಿನದ ಕೊನೆಯ ಊಟಕ್ಕೆ. ಅಷ್ಟೇ ಬರೆದರು.

ವಾಪಸ್ ಗಾಡಿಯಲ್ಲಿ ಅಕ್ಕ ನನ್ನ ಭುಜಕ್ಕೆ ಒರಗಿ ಕುಳಿತಿದ್ದಳು. ನಾನು ಆ ಝೆರಾಕ್ಸ್ ಓದಿದೆ. ಅರ್ಧ ತಿಳಿಯಿತು, ತಿಳಿದ ಅರ್ಧವೇ ಸಾಕಾಯಿತು. ಮಿದುಳಿನ ರಕ್ತನಾಳದ ಕೋಶಗಳನ್ನು ಹೊರತೆಗೆದು ಗಾಜಿನ ತಟ್ಟೆಯಲ್ಲಿ ಒಂಟಿಯಾಗಿ ಬೆಳೆಸಿದರೆ ಕೆಲವು ದಿನಗಳಲ್ಲಿ ಅವುಗಳ ಹೊಲಿಗೆ ಸಡಿಲಾಗುತ್ತದೆಯಂತೆ. ಮಿದುಳಿನಲ್ಲಿ ಅವುಗಳ ನೆರೆಗೆ ಇರುವ ಕೋಶಗಳನ್ನು ತಂದು ಜೊತೆಗೆ ಬೆಳೆಸಿದರೆ ಮತ್ತೆ ಬಿಗಿಯಾಗುತ್ತದೆ. ಅಂದರೆ ಗೋಡೆ ತನ್ನಷ್ಟಕ್ಕೆ ತಾನು ಗೋಡೆಯಲ್ಲ. ನೆರೆಯ ಕೋಶಗಳು ಬಿಡುವ ರಸಾಯನಗಳು ಬಂದು ರಕ್ತನಾಳದ ಕೋಶದ ಮೈಗೆ ತಾಗುತ್ತವೆ. ತಾಗಿದ ಸುದ್ದಿ ಒಳಗೆ ಹೋಗುತ್ತದೆ. ಹೊಲಿಗೆಯ ದಾರ ಹೊಸದಾಗುತ್ತದೆ, ಬಾಗಿಲುಗಳು ತಮ್ಮ ಜಾಗದಲ್ಲಿ ಉಳಿಯುತ್ತವೆ. ರಕ್ತನಾಳದ ಕೋಶಗಳೂ ಸುಮ್ಮನಿರುವುದಿಲ್ಲ ಎಂದು ನಿವೃತ್ತನಾದ ಮೇಲೆ ಓದಿದೆ. ಅವೂ ಸುದ್ದಿ ಕಳಿಸಿ ಕೆಲವು ಕೋಶಗಳನ್ನು ಕರೆದು ತಮ್ಮ ಮೈಗೆ ಅಂಟಿಸಿಕೊಂಡು ಇಟ್ಟುಕೊಳ್ಳುತ್ತವೆ. ಈ ಹೇಳುವುದು ಕೇಳುವುದು ನಿಂತರೆ ಗೋಡೆ ಸೋರುತ್ತದೆ. ಹುಟ್ಟುವಾಗ ಕಟ್ಟಿ ಮುಗಿಸಿದ್ದಲ್ಲ, ದಿನಾ ನಡೆಯಬೇಕಾದದ್ದು. ನಾನು ಮಕ್ಕಳಿಗೆ ವರ್ಷಗಟ್ಟಲೆ ತಪ್ಪು ಹೇಳಿದ್ದೆ. ಆ ಕೋಶಗಳಿಗೆ ಒಂದು ದಿನವೂ ರಜೆ ಇಲ್ಲ ಎಂದು ಓದಿ ನನಗೇ ಸುಸ್ತಾಯಿತು.

ಶೇಡಬಾಳ ದಾಟಿದ ಮೇಲೆ ಅಕ್ಕನಿಗೆ ಹೇಳಿದೆ, ಹಾಲಿನಿಂದ ಆಗಿದ್ದು ಇದು, ನಾನು ಕೊಟ್ಟ ಹಾಲಿನಿಂದ. ಎದುರಿನ ಸೀಟಿನವರು ನೋಡುತ್ತಿದ್ದರು, ನೋಡಲಿ ಎಂದು ಅತ್ತೆ.

ಆಕೆ ಕಿಟಕಿಯ ಕಡೆ ನೋಡಿದಳು. ಹೊರಗೆ ಕಬ್ಬು, ಕಬ್ಬಿನ ಆಚೆ ಮತ್ತೆ ಕಬ್ಬು.

"ನಾ ನಿನಗ ಕೊಟ್ಟದ್ದ ನೀ ನನಗ ಕೊಟ್ಟಿ," ಎಂದಳು ಕೊನೆಗೆ. "ಅದರಾಗ ತಪ್ಪೇನೈತಿ? ಅಳಬ್ಯಾಡ, ಮಂದಿ ನೋಡಾಕತ್ತಾರ." ಸ್ವಲ್ಪ ಬಿಟ್ಟು, "ಬಿಟ್ಟಾಗ ಹಗುರಾಗತೈತಿ ಅಂದಿದ್ದೆನಿಲ್ಲೋ? ದೊಡ್ಡ ಶಾಣ್ಯಾ ನೀ. ಒಳಗ ನಕ್ಕಿದ್ದಿ."

ಆ ವಾರ ಸೋಮವಾರ ಅಕ್ಕ ತಾನೇ ಉಂಡಳು. ಮಂಗಳವಾರ ಉಂಡಳು. ಕಾಕು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಡಾಕ್ಟರು ಸಂಜೆಯ ಊಟದಲ್ಲಿ ಹಾಲು ನಡೆಯುತ್ತದೆ ಎಂದಿದ್ದರೂ ಆಕೆ ಬೇಡವೆಂದಳು. ವಾರವಿಡೀ ಗುರುವಾರ ಎಂದು ಹೊಸ ನೇಮ. ನಾನು ಜಗಳ ಆಡಲಿಲ್ಲ. ಸಂಜೆ ಬೇಳೆ ಉಣ್ಣುತ್ತಿದ್ದಳು, ಅಷ್ಟೇ ಸಾಕಿತ್ತು. ಹಿತ್ತಾಳೆಯ ಲೋಟವನ್ನು ತೊಳೆದು ಅಟ್ಟಕ್ಕೆ ಹಾಕಿದೆ. ಮುಂದಿನ ವರ್ಷ ನರಮಂಡಲದ ಪಾಠದಲ್ಲಿ ಗೋಡೆಯ ಮಾತು ತಿದ್ದಿ ಹೇಳಿದೆ. ಪರೀಕ್ಷೆಗೆ ಬರುತ್ತದೆಯೇ ಎಂದು ಮಕ್ಕಳು ಕೇಳಿದರು. ಬರುವುದಿಲ್ಲ ಎಂದೆ. ಪೆನ್ನು ಕೆಳಗಿಟ್ಟರು.

ಹೀಗೆ ಏಳೆಂಟು ವರ್ಷ ನಡೆಯಿತು. ಅದು ಸಣ್ಣ ಸಂಗತಿಯಲ್ಲ ಎಂದು ಈಗ ಅನಿಸುತ್ತದೆ, ಆಗ ಬರೀ ದಣಿವಾಗಿತ್ತು. ಗುಣವಾಗುವ ರೋಗವಲ್ಲ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಮಿದುಳಿನ ಒಳಗೆ ಆಗಬೇಕಾದದ್ದು ಆಗುತ್ತಲೇ ಇತ್ತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಹಾಲಿಲ್ಲದೆ, ಬೇಳೆಯಿಲ್ಲದೆ, ಹೊತ್ತು ಹೊತ್ತಿಗೆ ಕೊಟ್ಟರೂ ಗುಳಿಗೆಯ ಬಲ ಅರ್ಧ ತಾಸಿಗೆ ಇಳಿಯಿತು. ಆಮೇಲೆ ಅದೂ ಇಲ್ಲ. ತುತ್ತು ಮತ್ತೆ ಎದೆಯ ಹತ್ತಿರ ನಿಂತಿತು. ಈ ಸಲ ತಪ್ಪು ಹುಡುಕಲು ನನ್ನ ಹತ್ತಿರ ಏನೂ ಇರಲಿಲ್ಲ.

ಮೊದಲ ದಿನ ಆಕೆ ಮೂರು ಸಲ ಎತ್ತಿದಳು, ಮೂರು ಸಲವೂ ಬಿತ್ತು. ನಾನು ಎದುರಿಗೆ ಕುಳಿತಿದ್ದೆ. ತುತ್ತು ಮಾಡಿ ಬಾಯಿಗೆ ಹಿಡಿಯುವ ಧೈರ್ಯ ನನಗಿರಲಿಲ್ಲ. ಹಿಡಿದರೆ ಆಕೆ ಬಾಯಿ ಮುಚ್ಚಿಕೊಳ್ಳುತ್ತಾಳೆ, ಮುಚ್ಚಿದ ಬಾಯಿ ಮತ್ತೆ ತೆರೆಯುವುದಿಲ್ಲ. ಆಕೆ ತಾಟು ನೋಡಿದಳು, ನನ್ನನ್ನು ನೋಡಿದಳು.

"ಹಿಂದ ಬಾ," ಎಂದಳು. "ಮೊಣಕೈ ಎತ್ತಿ ಹಿಡಿ."

ನಾನು ಹಿಂದೆ ಕುಳಿತು ಆಕೆಯ ಮೊಣಕೈಯ ಕೆಳಗೆ ನನ್ನ ಅಂಗೈ ಕೊಟ್ಟು ಮೇಲೆತ್ತಿದೆ. ಬೆರಳಲ್ಲಿ ತುತ್ತು ಹಿಡಿದವಳು ಆಕೆ. ಕೈ ನಿಧಾನಕ್ಕೆ ಬಾಯಿಗೆ ಹೋಯಿತು.

"ನೇಮ?" ಎಂದೆ.

ಅಗಿದು ನುಂಗಿದಳು. "ತುತ್ತ ನನ್ನ ಕೈಯಾಗ ಐತಿ. ಮೊಣಕೈದು ನೇಮ ಮಾಡಿಲ್ಲ ನಾ."

ಆಮೇಲೆ ಸುಮಾರು ಎರಡು ವರ್ಷ ಹೀಗೇ. ಒಂದು ಊಟಕ್ಕೆ ಒಂದು ತಾಸು. ಬೆಳಗಿನ ಊಟಕ್ಕೆ ನಾನು, ಮಧ್ಯಾಹ್ನ ಕಾಕು, ಸಂಜೆ ಮತ್ತೆ ನಾನು. ಕೈ ಎತ್ತು, ಇಳಿಸು, ಎತ್ತು. ನನ್ನ ಭುಜ ಹಿಡಿದುಕೊಳ್ಳುತ್ತಿತ್ತು. ನಿದ್ದೆಯಲ್ಲೂ ನನ್ನ ಅಂಗೈ ಏನನ್ನೋ ಎತ್ತುತ್ತಿತ್ತು. ಆಕೆ ನೇಮ ಪಾಲಿಸಿ ಬಾಯಿ ಮುಚ್ಚಿಕೊಂಡಿದ್ದರೇ ಚೆನ್ನಾಗಿತ್ತು ಎಂದು ನನಗೆ ಅನಿಸಿದ ದಿನಗಳೂ ಇವೆ. ಬರೆದಿದ್ದೇನೆ, ಅಳಿಸುವುದಿಲ್ಲ.

ಒಂದು ಸಂಜೆ ಗಾಡಿ ತಡವಾಗಿ, ಓಡಿ ಬಂದು, ಕೈಕಾಲು ತೊಳೆದು ಆಕೆಯ ಹಿಂದೆ ಕುಳಿತೆ. ಬಿಸಿಲು ಬೇವಿನ ತುದಿಯಲ್ಲಿ ಮಾತ್ರ ಉಳಿದಿತ್ತು. ನಾಲ್ಕನೆಯದೋ ಐದನೆಯದೋ ತುತ್ತಿಗೆ ನನ್ನ ಕೈ ತಾನಾಗಿಯೇ ಕೆಳಗಿಳಿಯಿತು. ತುತ್ತು ಆಕೆಯ ಮಡಿಲಲ್ಲಿ ಬಿತ್ತು. ಆಕೆಗೆ ಹಿಂದೆ ತಿರುಗಿ ನೋಡಲು ಬರುತ್ತಿರಲಿಲ್ಲ. ಮುಂದೆ ನೋಡುತ್ತಲೇ ಕೇಳಿದಳು.

"ಸಾಕಾಗೇತ್ಯೇನೋ ತಮ್ಮಾ?"

ಇಲ್ಲ ಎನ್ನಬೇಕಿತ್ತು. ಭಜಿಯ ವಾಸನೆ ಹಿಡಿಯುತ್ತಿದ್ದವಳಿಗೆ ಸುಳ್ಳು ಹೇಳಿ ಏನು ಉಪಯೋಗ?

"ಸಾಕಾಗೇತಿ, ಅಕ್ಕಾ," ಎಂದೆ.

"ನನಗೂ ಸಾಕಾಗೇತಿ," ಎಂದಳು. ಬೆರಳುಗಳಿಂದ ಮಡಿಲಲ್ಲಿದ್ದ ತುತ್ತನ್ನು ತಡಕಾಡಿ ಹುಡುಕಿ ಮತ್ತೆ ಹಿಡಿದಳು. "ಹೂಂ, ಹಿಡಿ. ಹೊತ್ತ ಮುಳಗಾಕ ಬಂತು."

ನಾನು ಮೊಣಕೈ ಹಿಡಿದೆ.